ಘಾಟಿ ಇಳಿಯುವ ಮೊದಲು ಬ್ರೇಕ್ ನೋಡಿ
ರಜೆ ಬಂದರೆ ವಿಜಯನಗರ, ಕೆಂಗೇರಿ ಕಡೆಯ ನಮ್ಮವರು ಹಳೇ ಕಾರಲ್ಲೇ ಊರಿಗೆ ಹೊರಡುತ್ತಾರೆ. ನಾನೂ ಹಾಗೇ ಹೊರಟವನು. ಶಿರಾಡಿ ಘಾಟಿ ಇಳಿಯುವಾಗ ಬ್ರೇಕ್ ಪೆಡಲ್ ಮೆತ್ತಗಾಗಿ ಕೆಳಗೆ ಹೋಯ್ತು. ಹಿಂದೆ ಮಕ್ಕಳು. ಗೇರ್ ಇಳಿಸಿ ಹೇಗೋ ಬದಿಗೆ ನಿಲ್ಲಿಸಿದೆ. ಅಲ್‌ಹಮ್ದುಲಿಲ್ಲಾಹ್, ಏನೂ ಆಗಲಿಲ್ಲ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ಆಯಿಲ್ ಹೊಸದಿದ್ದಾಗ 205 ಡಿಗ್ರಿವರೆಗೆ ಕುದಿಯಲ್ಲ; ನೀರು ಸೇರಿದರೆ 140ರ ಸುಮಾರಿಗೇ ಕುದಿಯಬಹುದು. ಪೈಪಿನಲ್ಲಿ ಆವಿ ತುಂಬಿದರೆ ಬ್ರೇಕ್ ಹಿಡಿಯಲ್ಲ.

ಹೊರಡುವ ವಾರ ಮೊದಲೇ, ನಿಂತ ಕಾರಿನ ಎಂಜಿನ್ ಚಾಲೂ ಮಾಡಿ ಪೆಡಲನ್ನು ಅರ್ಧ ನಿಮಿಷ ಒತ್ತಿಹಿಡಿಯಿರಿ. ನಿಧಾನಕ್ಕೆ ಇಳಿದರೆ ಎಲ್ಲೋ ಸೋರಿಕೆ, ಇಲ್ಲವೇ ಮಾಸ್ಟರ್ ಸಿಲಿಂಡರ್ ಹೋಗಿದೆ. ಕರಕರ ಸದ್ದು ಬಂದರೆ ಪ್ಯಾಡ್ ಸವೆದಿರಬಹುದು. ಮೆಕ್ಯಾನಿಕ್‌ಗೆ ತೋರಿಸದೆ ಹೊರಡಬೇಡಿ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ. ಘಾಟಿಯಲ್ಲಿ ಬ್ರೇಕ್ ಮೇಲೇ ಕಾಲಿಡದೆ ಸಣ್ಣ ಗೇರಲ್ಲಿ ಇಳಿಯಿರಿ.