ಅಮ್ಮನ ತಟ್ಟೆಗೆ ಬಂದ ಬೂಷ್ಟು



ಅಮ್ಮ ಮೈಸೂರಿನಿಂದ ರೆಡಿಂಗ್‌ನ ನಮ್ಮ ಮನೆಗೆ ಬಂದಿದ್ದಾಗ ನಡೆದದ್ದು. ಮೊಣಕಾಲಿನ ಆಪರೇಷನ್ ಆದಮೇಲೆ ಡಾಕ್ಟರು ಪ್ರೋಟೀನ್ ಜಾಸ್ತಿ ತಿನ್ನಲು ಹೇಳಿದ್ದರು. ಬೇಳೆಕಾಳು ಹೆಚ್ಚಾದರೆ ಅಮ್ಮನಿಗೆ ಹೊಟ್ಟೆಯುಬ್ಬರ. ಸರಿ, ಸೂಪರ್ ಮಾರ್ಕೆಟ್ಟಿನಿಂದ ಮೈಕೋಪ್ರೋಟೀನ್ ತಂದು ಸಾಗು ಮಾಡಿದೆ.

"ಇದೇನೋ, ಸೋಯಾನಾ?"

"ಅಲ್ಲಮ್ಮ, ಒಂಥರಾ ಬೂಷ್ಟು."

ಅಮ್ಮನ ಕೈ ತಟ್ಟೆಯಲ್ಲೇ ನಿಂತಿತು!

ನನ್ನ ಉಪನ್ಯಾಸ ಶುರುವಾಯಿತು. ಈ ಶಿಲೀಂಧ್ರದ ಹೆಸರು ಫ್ಯುಸೇರಿಯಂ ವೆನೆನೇಟಮ್. 1960ರ ದಶಕದಲ್ಲಿ ಇದು ಸಿಕ್ಕಿದ್ದು ನಮ್ಮ ಮನೆಗೆ ಹತ್ತಿರದ ಮಾರ್ಲೋ ಊರಿನ ಮಣ್ಣಿನಲ್ಲಿ. 1985ರಲ್ಲಿ ಕ್ವಾರ್ನ್ ಹೆಸರಿನಲ್ಲಿ ಅಂಗಡಿಗೆ ಬಂತು. ದೊಡ್ಡ ಟ್ಯಾಂಕಿನಲ್ಲಿ ಸಕ್ಕರೆ ಪಾಕ, ಗಾಳಿ ಕೊಟ್ಟು ನೂಲಿನಂತೆ ಬೆಳೆಸುತ್ತಾರೆ. ಆಮೇಲೆ ಬಿಸಿ ಮಾಡಿ ಅದರ ಆರ್‌ಎನ್‌ಎ ಅಂಶ ಇಳಿಸುತ್ತಾರೆ, ಇಲ್ಲದಿದ್ದರೆ ಯೂರಿಕ್ ಆಮ್ಲದ ತೊಂದರೆ. "ಇಡ್ಲಿ ಹಿಟ್ಟು ಉಬ್ಬಿಸೋದೂ ಕಣ್ಣಿಗೆ ಕಾಣದ ಜೀವಿಗಳೇ ಅಲ್ವೇನಮ್ಮ?" ಎಂದೆ. ಅಮ್ಮ ನಕ್ಕು, ಪೂರ್ತಿ ತಿಂದರು.

ಪಾತ್ರೆ ತೊಳೆಯುವಾಗ ಪ್ಯಾಕೆಟ್ಟಿನ ಹಿಂಬದಿ ಓದಿದೆ. ತುಂಡುಗಳು ಅಂಟಿಕೊಳ್ಳಲು ಮೊಟ್ಟೆಯ ಬಿಳಿ ಸೇರಿಸಿದೆ ಎಂದು ಸ್ಪಷ್ಟವಾಗಿಯೇ ಬರೆದಿತ್ತು. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದ ಅಮ್ಮ! ಮುಚ್ಚಿಡಲು ಮನಸ್ಸು ಬರಲಿಲ್ಲ, ಹೇಳಿದೆ. ಅಮ್ಮ ಬೈಯಲಿಲ್ಲ. "ಬೂಷ್ಟಿಗೆ ಒಪ್ಪಿದ್ದೆ ಕಣೋ, ಮೊಟ್ಟೆಗಲ್ಲ" ಎಂದಷ್ಟೇ ಹೇಳಿ ಎದ್ದು ಹೋದರು. ಬೈದಿದ್ದರೇ ವಾಸಿಯಿತ್ತು. ಮರುದಿನ ಮೊಟ್ಟೆಯ ಬದಲು ಆಲೂಗಡ್ಡೆ ಪ್ರೋಟೀನ್ ಹಾಕಿದ ಪ್ಯಾಕೆಟ್ ಹುಡುಕಿ ತಂದೆ. ಈ ಸಲ ಅಮ್ಮನೇ ಕನ್ನಡಕ ಹಾಕಿಕೊಂಡು ಓದಿದರು.

ಈಗ ಇದೇ ಶಿಲೀಂಧ್ರದ ಹೊಸ ಸುದ್ದಿ ಬಂದಿದೆ. ಚೀನಾದ ಜಿಯಾಂಗ್ನಾನ್ ವಿಶ್ವವಿದ್ಯಾಲಯದವರು ಕ್ರಿಸ್ಪರ್ ತಂತ್ರದಿಂದ ಇದರ ಎರಡು ಜೀನ್‌ಗಳನ್ನು ನಿಷ್ಕ್ರಿಯಗೊಳಿಸಿ 2025ರ ನವೆಂಬರ್‌ನಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು, ಜೀವಕೋಶದ ಗೋಡೆಯ ಕೈಟಿನ್ ತಯಾರಿಸುವ ಜೀನ್. ಗೋಡೆ ತೆಳುವಾದರೆ ಪ್ರೋಟೀನ್ ಸುಲಭವಾಗಿ ಜೀರ್ಣವಾಗುತ್ತದೆ. ಇನ್ನೊಂದು, ಸಕ್ಕರೆ ಪೋಲಾಗುವ ದಾರಿಯದು. ಅಷ್ಟೇ ಪ್ರೋಟೀನಿಗೆ ಸಕ್ಕರೆ ಶೇ. 44 ಕಡಿಮೆ, ವೇಗ ಶೇ. 88 ಹೆಚ್ಚು! ಹೊರಗಿನ ಜೀನ್ ಯಾವುದನ್ನೂ ಸೇರಿಸಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಎರಡು ಸಾಲು ಕೋಡ್ ಡಿಲೀಟ್ ಮಾಡಿದ್ದಾರೆ, ಪ್ರೋಗ್ರಾಂ ಜೋರಾಗಿ ಓಡುತ್ತಿದೆ.

ಫೋನಿನಲ್ಲಿ ಅಮ್ಮನಿಗೆ ಹೇಳಿ, "ತಿಂತೀಯಾ?" ಅಂತ ಕೇಳಿದೆ.

"ತಿನ್ನಬಹುದೇನೋ. ಆದರೆ ಬಡಿಸೋಕೆ ಮುಂಚೆ ಹೇಳಬೇಕು ನೀನು."

ನಾಳೆ ಇಂಥ ತಳಿ ಅಂಗಡಿಗೆ ಬಂದರೆ, ಅದನ್ನು ಮಾಡಿದವರಿಗೂ ಮಾರುವವರಿಗೂ ನನ್ನದು ಇದೇ ಮಾತು. ನೀವೂ ಅಷ್ಟೇ, ಊರಿನಿಂದ ಹಿರಿಯರು ಬಂದಾಗ ಪ್ಯಾಕೆಟ್ಟಿನ ಹಿಂಬದಿ ಓದಿ ಬಡಿಸಿ.