ಸ್ವಯಂಸೇವೆಯಲ್ಲಿ ‘ಸ್ವಯಂ’ ಎಷ್ಟು?

ನಾನು ಅಧ್ಯಾಪಕನಾಗಿದ್ದ ಕಾಲೇಜಿನ ಸೂಚನಾ ಫಲಕದ ಮೇಲೆ ಒಮ್ಮೆ ಹೀಗೊಂದು ಪ್ರಕಟಣೆ ಇತ್ತು: ‘ಸ್ವಯಂಸೇವಕರೆಲ್ಲರೂ ಭಾನುವಾರ ಬೆಳಗ್ಗೆ ಏಳು ಗಂಟೆಗೆ ಕಡ್ಡಾಯವಾಗಿ ಹಾಜರಿರತಕ್ಕದ್ದು. ತಪ್ಪಿದವರ ಮೇಲೆ ಶಿಸ್ತಿನ ಕ್ರಮ ಕೈಗೊಳ್ಳಲಾಗುವುದು.’ ಸಂಸ್ಕೃತ ವಿಭಾಗದ ಹಿರಿಯರೊಬ್ಬರು ಅದನ್ನು ಓದಿ, “ಸ್ವಯಂ ಎಂಬ ಪದಕ್ಕೆ ಈಗ ಹೊಸ ಅರ್ಥ ಬಂದಂತಿದೆ” ಎಂದು ನಕ್ಕರು. ಆ ಪ್ರಕಟಣೆಯನ್ನು ಬರೆದು ಸಹಿ ಹಾಕಿದವನು ನಾನೇ. ರಾಷ್ಟ್ರೀಯ ಸೇವಾ ಯೋಜನೆಯ ಕಾರ್ಯಕ್ರಮಾಧಿಕಾರಿಯ ಹೊಣೆ ಆಗಷ್ಟೇ ನನ್ನ ಹೆಗಲೇರಿತ್ತು. ಆ ಹಿರಿಯರ ಮಾತು ವಿನೋದದ್ದಾದರೂ ಅದರೊಳಗಿನ ಪ್ರಶ್ನೆ ವಿನೋದದ್ದಲ್ಲ. ಪಾಠಪಟ್ಟಿಯ ಅಂಗವಾಗಿ ವಿದ್ಯಾರ್ಥಿಗಳಿಂದ ಮಾಡಿಸುವ ಸೇವೆ ಸೇವೆಯಾಗುತ್ತದೆಯೆ? ಕೇಳುಗ ಮಿತ್ರರೊಡನೆ ಈ ಪ್ರಶ್ನೆಯನ್ನು ಕೊಂಚ ವಿಚಾರಿಸಬೇಕೆಂದು ನನ್ನ ಬಯಕೆ.

ಪ್ರಶ್ನೆ ಹೊಸದೇನಲ್ಲ. 1948-49ರಲ್ಲಿ ಡಾ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವು ವಿದ್ಯಾರ್ಥಿಗಳು ಸ್ವಇಚ್ಛೆಯಿಂದ ರಾಷ್ಟ್ರಸೇವೆಯಲ್ಲಿ ತೊಡಗುವುದು ಒಳ್ಳೆಯದೆಂದು ಹೇಳಿತ್ತು. 1958ರಲ್ಲಿ ಪ್ರಧಾನಿ ನೆಹರೂ ಅವರು ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಪದವಿ ಪಡೆಯುವ ಮುನ್ನ ಸಮಾಜಸೇವೆ ಮಾಡಿರಬೇಕೆಂಬ ನಿಯಮದ ಬಗೆಗೆ ಆಲೋಚಿಸುವಂತೆ ಸೂಚಿಸಿದರು. ಮರುವರ್ಷ ನೇಮಕವಾದ ಸಿ. ಡಿ. ದೇಶಮುಖರ ಸಮಿತಿಯು ಇಂಥ ಸೇವೆ ಕಡ್ಡಾಯವಾಗಬೇಕೆಂದಿತು. ಆದರೆ ಅದಕ್ಕೆ ತಗಲುವ ವೆಚ್ಚ, ಅದನ್ನು ನಡೆಸುವ ತೊಡಕು ಎರಡೂ ದೊಡ್ಡವಾಗಿ ಕಂಡವು. ಅನಂತರ ಹಲವು ದೇಶಗಳ ಪದ್ಧತಿಯನ್ನು ಅಭ್ಯಾಸ ಮಾಡಿದ ಪ್ರೊ. ಕೆ. ಜಿ. ಸೈಯದೈನ್ ಅವರು, ಸೇವೆ ಸ್ವಇಚ್ಛೆಯದಾಗಿರುವುದೇ ಲೇಸೆಂದು ವರದಿ ಕೊಟ್ಟರು. ಹೀಗೆ ಯೋಜನೆ ಹುಟ್ಟುವ ಮೊದಲೇ ‘ಕಡ್ಡಾಯ’ ಮತ್ತು ‘ಸ್ವಇಚ್ಛೆ’ ಎಂಬ ಎರಡು ಮಾತುಗಳ ಜಗಳ ನಡೆದು, ಕಾಗದದ ಮೇಲಾದರೂ ಸ್ವಇಚ್ಛೆಯೇ ಗೆದ್ದಿತು.

ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, ರಾಷ್ಟ್ರೀಯ ಸೇವಾ ಯೋಜನೆ 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭವಾಯಿತು. ಆಗ ಅದರಲ್ಲಿದ್ದ ವಿದ್ಯಾರ್ಥಿಗಳು 40,000. ಅಂದಿನ ಕೇಂದ್ರ ಶಿಕ್ಷಣ ಸಚಿವರು ನಮ್ಮ ಬಳ್ಳಾರಿ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾಗಿದ್ದ ಅರ್ಥಶಾಸ್ತ್ರಜ್ಞ ಡಾ. ವಿ. ಕೆ. ಆರ್. ವಿ. ರಾವ್ ಅವರು. ಕೋನಾರ್ಕದ ಸೂರ್ಯರಥದ ಚಕ್ರವೇ ಯೋಜನೆಯ ಲಾಂಛನ. ಅದರ ಎಂಟು ಅರಗಳು ದಿನದ ಎಂಟು ಯಾಮಗಳು, ಎಂದರೆ 24 ಗಂಟೆ. ‘ನಾನಲ್ಲ, ನೀನು’ ಎಂಬುದು ಧ್ಯೇಯವಾಕ್ಯ. ವಿದ್ಯಾರ್ಥಿಯು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಗಳಲ್ಲಿ 240 ಗಂಟೆ ದುಡಿದು, ಒಂದು ವಿಶೇಷ ಶಿಬಿರದಲ್ಲಿ ಭಾಗವಹಿಸಿದರೆ ಪ್ರಮಾಣಪತ್ರ ದೊರೆಯುತ್ತದೆ. ಸೇರುವುದು ಬಿಡುವುದು ವಿದ್ಯಾರ್ಥಿಯ ಇಷ್ಟ. ಸೇರಿದ ಮೇಲೆ ಗಂಟೆಗಳ ಲೆಕ್ಕ ತಪ್ಪುವಂತಿಲ್ಲ. ‘ನಾನಲ್ಲ, ನೀನು’ ಎಂಬ ಮಾತಿಗೂ ಈ ಗಂಟೆಗಳ ಲೆಕ್ಕಕ್ಕೂ ಹೊಂದಿಕೆ ಹೇಗೆ? ನನ್ನ ಕಷ್ಟವೆಲ್ಲ ಅಲ್ಲಿಯೇ ಇತ್ತು.

ನಮ್ಮ ಮೊದಲ ಶಿಬಿರ ನಡೆದದ್ದು ಬಯಲುಸೀಮೆಯ ಒಂದು ಹಳ್ಳಿಯಲ್ಲಿ. ಶಾಲೆಯ ಜಗಲಿಯೇ ನಮ್ಮ ಬಿಡಾರ. ಬೆಳಗ್ಗೆ ಪ್ರಭಾತಫೇರಿ, ಆಮೇಲೆ ಶ್ರಮದಾನ, ಸಂಜೆ ಭಾಷಣ, ರಾತ್ರಿ ಹಾಡು ನಾಟಕ. ಊರಿಂದ ಕೆರೆಯ ಕಡೆಗೆ ಒಂದು ಮಣ್ಣಿನ ರಸ್ತೆ ಮಾಡುವುದೆಂದು ನಾನೇ ನಿಶ್ಚಯಿಸಿದ್ದೆ. ರಸ್ತೆಯೆಂದರೆ ಅಳೆಯಬಹುದು, ಇಷ್ಟು ಮೀಟರ್ ಎಂದು ವರದಿಯಲ್ಲಿ ಬರೆಯಬಹುದು, ಮುಂದೆ ನಿಂತು ಭಾವಚಿತ್ರ ತೆಗೆಸಿಕೊಳ್ಳಬಹುದು. ಹುಡುಗರು ಗುದ್ದಲಿ ಮಂಕರಿ ಹಿಡಿದು ಅಂಗೈ ಬೊಬ್ಬೆಯೇಳುವಂತೆ ದುಡಿದರು. ಊರವರು ಮಜ್ಜಿಗೆ ತಂದುಕೊಟ್ಟರು. ಕೆರೆಯ ನೀರುಗಂಟಿಯಾಗಿದ್ದ ಮುದುಕರೊಬ್ಬರು ದಿನವೂ ಬಂದು, ಒಂದು ಕಲ್ಲಿನ ಮೇಲೆ ಕುಳಿತು, ಏನೂ ಮಾತನಾಡದೆ ನೋಡಿ ಹೋಗುತ್ತಿದ್ದರು. ಹುಡುಗರ ಉತ್ಸಾಹಕ್ಕೆ ಅವರು ಮೆಚ್ಚಿಕೊಂಡಿದ್ದಾರೆಂದೇ ನನ್ನ ಭಾವನೆ.

ಮಳೆಗಾಲ ಮುಗಿದ ಮೇಲೆ ರಸ್ತೆಯನ್ನು ನೋಡುವ ಆಸೆಯಿಂದ ಆ ಊರಿಗೆ ಹೋದೆ. ರಸ್ತೆ ಇರಲಿಲ್ಲ. ಹಳ್ಳದ ನೀರು ಕೆರೆಗೆ ಹರಿದುಬರುವ ದಾರಿಗೆ ಅಡ್ಡಲಾಗಿ ನಾವು ಮಣ್ಣು ಏರಿಸಿದ್ದೆವು. ನೀರು ಅಲ್ಲಿ ತಡೆದು ನಿಂತು, ಪಕ್ಕದ ಬಡವನೊಬ್ಬನ ರಾಗಿ ಹೊಲಕ್ಕೆ ನುಗ್ಗಿ, ಕಡೆಗೆ ರಸ್ತೆಯನ್ನೂ ಕೊಚ್ಚಿಕೊಂಡು ಹೋಗಿತ್ತು. ನೀರುಗಂಟಿ ನನ್ನನ್ನು ಕರೆದೊಯ್ದು ಎಲ್ಲವನ್ನೂ ತೋರಿಸಿದರು. “ಆಗಲೇ ಯಾಕೆ ಹೇಳಲಿಲ್ಲ, ಅಜ್ಜ?” ಎಂದೆ. “ಮೇಷ್ಟ್ರೇ, ನೀವು ಕೇಳ್ಲಿಲ್ಲ, ನಾವು ಹೇಳ್ಲಿಲ್ಲ. ಓದಿದೋರು ಬಂದು ಬೆವರು ಸುರಿಸ್ತಿರುವಾಗ ಬೇಡ ಅನ್ನೋದು ಹೆಂಗೆ?” ಎಂದರು. ಆ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ; ಇದ್ದಿದ್ದರೆ ನನಗೆ ಅಷ್ಟು ನೋಯುತ್ತಿರಲಿಲ್ಲ. ರಸ್ತೆ ನಿರ್ಮಾಣದ ವರದಿ ಅಷ್ಟರಲ್ಲಿ ಮೇಲಕ್ಕೆ ಹೋಗಿತ್ತು. ಅದರ ಜೊತೆಗೆ ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಶಿಬಿರಕ್ಕೆ ಬರದೇ ಇದ್ದ ಇಬ್ಬರ ದಿನಚರಿಯಲ್ಲಿ, ಅವರ ಮುಂದಿನ ಓದಿಗೆ ಅನುಕೂಲವಾಗಲೆಂಬ ಕರುಣೆಯಿಂದ, ಗಂಟೆಗಳನ್ನು ನಾನೇ ತುಂಬಿ ಸಹಿ ಮಾಡಿದ್ದೆ. ಕಾಗದದ ಮೇಲೆ ಎಲ್ಲವೂ ಪೂರ್ಣವಾಗಿತ್ತು. ಹೊಲದಲ್ಲಿ ರಾಗಿ ಮಾತ್ರ ಇರಲಿಲ್ಲ.

ಮರುವರ್ಷವೂ ಅದೇ ಊರಿಗೆ ಹೋದೆವು. ಹೋಗುವ ತಿಂಗಳ ಮುಂಚೆ ನಾಲ್ವರು ವಿದ್ಯಾರ್ಥಿಗಳನ್ನು ಕಳುಹಿಸಿ ಊರವರನ್ನು ಕೇಳಿಸಿದೆ. ಕೆರೆಗೆ ನೀರು ತರುವ ಕಾಲುವೆಯ ಹೂಳೆತ್ತಬೇಕೆಂದರು. ಈ ಸಲ ಮೇಷ್ಟರು ನಾನಲ್ಲ, ನೀರುಗಂಟಿ. ಎಲ್ಲಿ ಎಷ್ಟು ಅಗೆಯಬೇಕು, ಇಳಿಜಾರು ಎತ್ತ ಎಂಬುದನ್ನು ಅವರು ಕೋಲಿನಿಂದ ಗೀಟೆಳೆದು ತೋರಿಸುತ್ತಿದ್ದರು. ಪದವಿ ತರಗತಿಯ ಹುಡುಗರು ಕೈಕಟ್ಟಿ ನಿಂತು ಕೇಳುತ್ತಿದ್ದರು. ಹಿಂದಿನ ವರ್ಷ ಹೊಲ ಹಾಳಾಗಿದ್ದ ರೈತನೂ ಬಂದು ಮಂಕರಿ ಹೊತ್ತನು. ಆ ಕೆಲಸ ಅಷ್ಟೇನೂ ದೊಡ್ಡದಲ್ಲ. ಭಾವಚಿತ್ರದಲ್ಲಿ ಅದು ಒಂದು ತಗ್ಗಿನಂತೆ ಕಾಣುತ್ತದೆ, ಅಷ್ಟೆ. ಆದರೆ ಮುಂದಿನ ಮಳೆಗೆ ಅದರಲ್ಲಿ ನೀರು ಹರಿಯಿತು.

ಅಂದಿನಿಂದ ನನಗೆ ಪದಗಳ ಅರ್ಥ ಬೇರೆಯಾಗಿ ಕಾಣತೊಡಗಿತು. ‘ಸೇವೆ’ ಮತ್ತು ‘ಸೇವನೆ’ ಒಂದೇ ಧಾತುವಿನಿಂದ ಬಂದ ಶಬ್ದಗಳು. ದೇವರಿಗೆ ಸೇವೆ ಎನ್ನುತ್ತೇವೆ. ಔಷಧಕ್ಕೆ ಸೇವನೆ ಎನ್ನುತ್ತೇವೆ. ಒಂದರಲ್ಲಿ ಕೊಡುವ ಭಾವ, ಇನ್ನೊಂದರಲ್ಲಿ ಕೊಳ್ಳುವ ಭಾವ. ಸೇವೆ ಮಾಡುವವನು ತಾನೂ ಏನನ್ನೋ ಸೇವಿಸುತ್ತಿದ್ದಾನೆಂಬ ಸೂಚನೆ ಭಾಷೆಯಲ್ಲಿಯೇ ಅಡಗಿದೆ. ‘ಶ್ರಮದಾನ’ವೆಂದಾಗ ಮಾತ್ರ ಕೊಡುವವನು ಮೇಲೆ, ಪಡೆಯುವವನು ಕೆಳಗೆ ಎಂಬ ಭಾವ ನುಸುಳುತ್ತದೆ. ಹನ್ನೆರಡನೆಯ ಶತಮಾನದ ಶರಣರು ಈ ಅಪಾಯವನ್ನು ಬಲ್ಲವರು. ಅವರು ದಾನವೆನ್ನದೆ ‘ದಾಸೋಹ’ವೆಂದರು. ‘ನಾನು ದಾಸ’ ಎಂಬ ಅರ್ಥವುಳ್ಳ ಆ ಪದದಲ್ಲಿ ಕೊಡುವವನೇ ತಲೆಬಾಗಿ ನಿಂತಿದ್ದಾನೆ. ನಾಲ್ವರು ವಿದ್ಯಾರ್ಥಿಗಳು ಒಂದು ಹಳ್ಳಿಗೆ ಹೋಗಿ “ನಿಮಗೆ ಏನು ಬೇಕು?” ಎಂದು ಕೇಳುವುದರಲ್ಲಿ ಆ ತಲೆಬಾಗುವಿಕೆ ಇದೆ.

ಈ ಪ್ರಶ್ನೆಗೆ ಈಗ ಮತ್ತೆ ಜೀವ ಬಂದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಸಮುದಾಯದೊಡನೆ ಬೆರೆತು ಮಾಡುವ ಸೇವೆಯನ್ನು ಕ್ರೆಡಿಟ್ ದೊರೆಯುವ ವ್ಯಾಸಂಗದ ಭಾಗವಾಗಿಸಬೇಕೆಂದಿದೆ. ಹೊರದೇಶಗಳಲ್ಲಿಯೂ ಇದುಂಟು: ಕೆನಡಾದ ಆಂಟೇರಿಯೊ ಪ್ರಾಂತದಲ್ಲಿ ಪ್ರೌಢಶಿಕ್ಷಣ ಮುಗಿಸಲು 40 ಗಂಟೆಗಳ ಸಮುದಾಯ ಸೇವೆಯ ನಿಯಮವಿದೆ. ಅಂಕ ಕೊಟ್ಟರೆ ಸೇವೆ ಕೆಡುತ್ತದೆಂದು ಹಲವರು ಹೇಳುತ್ತಾರೆ. ನಾನು ಹಾಗೆ ಹೇಳಲಾರೆ. ನನ್ನ ಹುಡುಗರಲ್ಲಿ ಬಹುಮಂದಿ ಮೊದಲ ದಿನ ಬಂದದ್ದು ಪ್ರಮಾಣಪತ್ರಕ್ಕಾಗಿಯೇ. ಅಕ್ಷರಾಭ್ಯಾಸಕ್ಕೆ ಕೂರುವ ಮಗುವೂ ಸ್ವಇಚ್ಛೆಯಿಂದ ಕೂರುವುದಿಲ್ಲ. ಓದಿನ ರುಚಿ ಆಮೇಲೆ ಹತ್ತುತ್ತದೆ. ನಿಯಮ ವಿದ್ಯಾರ್ಥಿಯನ್ನು ಊರ ಬಾಗಿಲವರೆಗೆ ಕರೆತರಬಹುದು. ಅಲ್ಲಿಂದ ಮುಂದಕ್ಕೆ ಬೇಕಾದವು ಮೂರು: ಕೆಲಸ ಆರಿಸುವ ಮುನ್ನ ಊರವರನ್ನು ಕೇಳುವುದು, ವರ್ಷಕ್ಕೊಂದು ಹೊಸ ಊರು ಹುಡುಕದೆ ಅದೇ ಊರಿಗೆ ಮರಳಿ ಹೋಗುವುದು, ಎಷ್ಟು ಗಂಟೆ ದುಡಿದೆನೆಂಬುದರ ಜೊತೆಗೆ ಯಾರಿಂದ ಏನು ಕಲಿತೆನೆಂದು ದಿನಚರಿಯಲ್ಲಿ ಬರೆಯುವುದು.

ಎರಡನೆಯ ಶಿಬಿರದ ದಿನಚರಿಗಳನ್ನು ತಿದ್ದುವಾಗ ಒಬ್ಬ ಹುಡುಗ ಗಂಟೆಗಳ ಅಂಕಣವನ್ನು ಖಾಲಿ ಬಿಟ್ಟಿದ್ದನು. ಕರೆದು ಕೇಳಿದೆ. “ಎಣಿಸೋದು ಮರೆತುಹೋಯಿತು, ಸಾರ್” ಎಂದನು. ಈ ಸಲ ನಾನು ತುಂಬಿಕೊಡಲಿಲ್ಲ. ನೆನಪು ಮಾಡಿಕೊಂಡು ನೀನೇ ಬರೆ ಎಂದು ಹಿಂದಕ್ಕೆ ಕೊಟ್ಟೆ. ಅವನು ಬರೆದು ತಂದ ಲೆಕ್ಕ ನಿಜಕ್ಕಿಂತ ಕಡಿಮೆಯಾಗಿತ್ತು.