ಡೀಸೆಲ್ ಪಂಪ್‌ಸೆಟ್: ಗಾಳಿ ಸೇದುವ ವಾಲ್ವಿನ ದೋಷ ಮತ್ತು ದುರಸ್ತಿ

ಬೇಸಿಗೆಯಲ್ಲಿ ಬೆಳೆಗೆ ನೀರು ತೀರಾ ಅವಶ್ಯವಿರುವ ಹೊತ್ತಿಗೇ ಡೀಸೆಲ್ ಎಂಜಿನ್ ಮೊಂಡು ಹಿಡಿಯುವುದುಂಟು. ಹ್ಯಾಂಡಲ್ ತಿರುಗಿಸಿ ಕೈ ಸೋತರೂ ಚಾಲೂ ಆಗದು. ಆದರೂ ಭಾರ ಎಳೆಯದೆ ಕಪ್ಪು ಹೊಗೆ ಉಗುಳುತ್ತದೆ. ಆಗ ಕೇಳಿಬರುವ ಮೊದಲ ಸಲಹೆಯೆಂದರೆ, ಕಂಪ್ರೆಷನ್ ಹೋಗಿದೆ, ಲೈನರ್, ಪಿಸ್ಟನ್, ರಿಂಗು ಎಲ್ಲವನ್ನೂ ಬದಲಿಸಿ ಎಂಬುದು. ಕಂಪ್ರೆಷನ್ ಹೋಗಿರುವುದು ನಿಜವಿರಬಹುದು. ಆದರೆ ಅದು ಯಾವ ದಾರಿಯಿಂದ ಹೋಗುತ್ತಿದೆ ಎಂದು ನೋಡದೆ ಬಿಡಿಭಾಗ ಕೊಳ್ಳುವುದು ದುಂದುವೆಚ್ಚ.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇರುವುದಿಲ್ಲ. ಪಿಸ್ಟನ್ ಗಾಳಿಯನ್ನು ಬಲವಾಗಿ ಅದುಮಿದಾಗ ಹುಟ್ಟುವ ಶಾಖದಿಂದಲೇ ಎಣ್ಣೆ ಹೊತ್ತಿಕೊಳ್ಳಬೇಕು. ಆ ಹೊತ್ತಿನಲ್ಲಿ ಎರಡೂ ವಾಲ್ವುಗಳು ಬಿಗಿಯಾಗಿ ಮುಚ್ಚಿರದಿದ್ದರೆ ಶಾಖ ಸಾಲದು.

ಸೋರಿಕೆಯನ್ನು ಪತ್ತೆಹಚ್ಚಲು ಕಿವಿಯೇ ಸಾಕು. ಎಣ್ಣೆಯ ಸರಬರಾಜನ್ನು ನಿಲ್ಲಿಸಿ, ಏರ್ ಕ್ಲೀನರ್ ಮತ್ತು ರಾಕರ್ ಮುಚ್ಚಳಗಳನ್ನು ಕಳಚಬೇಕು. ಡಿಕಂಪ್ರೆಷನ್ ಲಿವರನ್ನು ಇಳಿಸಿ, ಒಬ್ಬರು ಫ್ಲೈವೀಲನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತ ಪಿಸ್ಟನ್ ಗಾಳಿಯನ್ನು ಅದುಮುವ ಹಂತದ ಕೊನೆಯಲ್ಲಿ ತಡೆದು ಹಿಡಿಯಬೇಕು. ಎರಡು ರಾಕರುಗಳೂ ಬೆರಳಿಗೆ ಸ್ವಲ್ಪ ಅಲುಗಾಡಿದರೆ ವಾಲ್ವುಗಳು ಮುಚ್ಚಿರಬೇಕಾದ ಜಾಗ ಅದೇ. ಅದಕ್ಕೂ ಮೊದಲು ಗಾಳಿ ತುಸು ಹಿಂದೆ ಬರುವುದು ಸಹಜ. ಅದನ್ನು ದೋಷವೆಂದು ತಿಳಿಯಬಾರದು. ಗಾಳಿ ಸೇದುವ ಕೊಳವೆಯಲ್ಲಿ ಬುಸ್ ಎಂದರೆ ಸೇದುವ ವಾಲ್ವು, ಸೈಲೆನ್ಸರಿನಲ್ಲಿ ಕೇಳಿದರೆ ಹೊಗೆ ವಾಲ್ವು, ಕ್ರ್ಯಾಂಕ್ ಕೇಸಿನ ಉಸಿರುಗೊಳವೆಯಲ್ಲಿ ಕೇಳಿದರೆ ರಿಂಗು ಅಥವಾ ಲೈನರ್. ಎಂಜಿನ್ ಓಡುವಾಗ ಏರ್ ಕ್ಲೀನರಿನ ಕಡೆಗೆ ಪುಸ್ ಪುಸ್ ಎಂದು ಹಿಂದೂದುವುದೂ ಸೇದುವ ವಾಲ್ವಿನತ್ತಲೇ ಬೊಟ್ಟು ಮಾಡುತ್ತದೆ.

ಹಾಗೆಂದು ಕೂಡಲೇ ಹೆಡ್ ಬಿಚ್ಚಬೇಕಾಗಿಲ್ಲ. ವಾಲ್ವು ಸವೆದು ಸೀಟಿನಲ್ಲಿ ಕೂರುತ್ತ ಹೋದಂತೆ ಟ್ಯಾಪೆಟ್ ಸಂದು ಕಡಿಮೆಯಾಗಿ, ವಾಲ್ವು ಪೂರ್ತಿ ಮುಚ್ಚದೆ ಉಳಿಯುತ್ತದೆ. ಆಗ ರಾಕರ್ ಅಲುಗಾಡುವುದೇ ಇಲ್ಲ. ತಯಾರಕರ ಕೈಪಿಡಿಯಲ್ಲಿ ಹೇಳಿದಂತೆ ಫೀಲರ್ ಗೇಜಿನಿಂದ ಸಂದನ್ನು ಸರಿಪಡಿಸಬೇಕು. ಡಿಕಂಪ್ರೆಷನ್ ಲಿವರ್ ವಾಲ್ವನ್ನು ಕೊಂಚ ಒತ್ತಿಕೊಂಡೇ ಇದೆಯೇ, ಸ್ಪ್ರಿಂಗ್ ಮುರಿದಿದೆಯೇ ಎಂದೂ ನೋಡಬೇಕು. ಎಷ್ಟೋ ಎಂಜಿನ್ನುಗಳ ಕಾಯಿಲೆ ಇಲ್ಲಿಗೇ ವಾಸಿಯಾಗುತ್ತದೆ.

ಸದ್ದು ನಿಲ್ಲದಿದ್ದರೆ ಹೆಡ್ ತೆಗೆಯಲೇಬೇಕು. ವಾಲ್ವಿನ ಕಾಂಡಕ್ಕೆ ಅಂಟಿದ ಮಸಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಗೈಡಿನಲ್ಲಿ ಸಲೀಸಾಗಿ ಜಾರುವಂತೆ ಮಾಡಬೇಕು. ಕಾಂಡ ಬಾಗಿದ್ದರೆ ಅಥವಾ ತಲೆಯ ಅಂಚು ಚಾಕುವಿನಂತೆ ತೆಳುವಾಗಿದ್ದರೆ ಹೊಸ ವಾಲ್ವೇ ಬೇಕು. ಇಲ್ಲವಾದರೆ ಗ್ರೈಂಡಿಂಗ್ ಪೇಸ್ಟನ್ನು ತೆಳುವಾಗಿ ಸವರಿ, ಹಿಡಿಕೋಲನ್ನು ಎರಡು ಅಂಗೈಗಳ ನಡುವೆ ಮಜ್ಜಿಗೆ ಕಡೆಯುವಂತೆ ಹಿಂದಕ್ಕೂ ಮುಂದಕ್ಕೂ ತಿರುಗಿಸಬೇಕು. ಆಗಾಗ ಎತ್ತಿ, ಜಾಗ ಬದಲಿಸಿ ಕೂರಿಸಬೇಕು. ವಾಲ್ವು ಮತ್ತು ಸೀಟು ಎರಡರಲ್ಲೂ ಎಲ್ಲೂ ತುಂಡಾಗದ ಬೂದುಬಣ್ಣದ ಉಂಗುರ ಮೂಡಿದರೆ ಸಾಕು. ಅತಿಯಾಗಿ ಉಜ್ಜಿದರೆ ಸೀಟು ಅಗಲವಾಗಿ ಕೆಡುತ್ತದೆ. ಆಳವಾದ ಗುಳಿಗಳಿದ್ದರೆ ಸೀಟನ್ನು ಕಾರ್ಖಾನೆಯಲ್ಲಿ ಕೊರೆಸುವುದೇ ಮೇಲು. ಪೇಸ್ಟಿನ ಒಂದು ಕಣವೂ ಉಳಿಯಬಾರದು. ಉಳಿದರೆ ಅದು ಸಿಲಿಂಡರಿಗಿಳಿದು, ಉಳಿಸಹೊರಟ ಲೈನರನ್ನೇ ತಿನ್ನುತ್ತದೆ.

ವಾಲ್ವು, ಸ್ಪ್ರಿಂಗ್ ಜೋಡಿಸಿದ ಮೇಲೆ ಗಾಳಿದಾರಿಗೆ ಸೀಮೆಎಣ್ಣೆ ಸುರಿದು ಕೆಲವು ನಿಮಿಷ ಕಾಯಬೇಕು. ಸೀಟಿನ ಸುತ್ತ ಒಸರಿದರೆ ಮತ್ತೆ ಉಜ್ಜಬೇಕು. ಹೊಸ ಗ್ಯಾಸ್ಕೆಟ್ ಹಾಕಿ, ಹೆಡ್ಡಿನ ನಟ್ಟುಗಳನ್ನು ಎದುರುಬದುರಾಗಿ, ಹಂತಹಂತವಾಗಿ ಕೈಪಿಡಿಯ ಅಳತೆಗೆ ಬಿಗಿಯಬೇಕು. ಟ್ಯಾಪೆಟ್ ಸಂದನ್ನು ಹೊಸದಾಗಿ ಇಟ್ಟು, ಕೆಲವು ಗಂಟೆ ಓಡಿಸಿದ ಬಳಿಕ ಇನ್ನೊಮ್ಮೆ ನೋಡಬೇಕು.

ಹೊಗೆ ವಾಲ್ವಿನಷ್ಟು ಬೇಗ ಸೇದುವ ವಾಲ್ವು ಸುಡುವುದಿಲ್ಲ; ತಣ್ಣನೆಯ ಗಾಳಿ ಅದನ್ನು ತಂಪಾಗಿಡುತ್ತದೆ. ಅದರ ವೈರಿ ಧೂಳು. ಎಣ್ಣೆ ಒಣಗಿದ ಏರ್ ಕ್ಲೀನರಿನಿಂದ ಹೊಲದ ಮಣ್ಣೆಲ್ಲ ಸೀಟಿನ ಮೇಲೆ ಬಂದು ಕೂರುತ್ತದೆ. ಆದುದರಿಂದ ದುರಸ್ತಿಯಾದ ಎಂಜಿನ್ನನ್ನು ಚಾಲೂ ಮಾಡುವ ಮುನ್ನ ಏರ್ ಕ್ಲೀನರಿನ ಬಟ್ಟಲನ್ನು ತೊಳೆದು, ಗುರುತಿನವರೆಗೆ ಹೊಸ ಎಣ್ಣೆ ತುಂಬಬೇಕು. ಧೂಳು ಹೆಚ್ಚಿರುವ ತಿಂಗಳುಗಳಲ್ಲಿ ಇದನ್ನು ಪದೇ ಪದೇ ಮಾಡತಕ್ಕದ್ದು.